‘ಇರಲಿ’ ಎಂಬ ಪದದ ಅರ್ಥನಿರ್ಣಯ

ಮಾರ್ಚ್ ಮಾಸದ ತೃತೀಯ ದಿನ, ಸೋಮವಾಸರ, ಪ್ರಾತಃಕಾಲ

ವಾಕ್ಕಿಗೆ ಒಡೆಯನೂ ಮೌನಕ್ಕೆ ಸಾಕ್ಷಿಯೂ ಆದ ಪರಮಾತ್ಮನಿಗೆ ಸಾಷ್ಟಾಂಗವೆರಗಿ, ಎಳೆಬಿಸಿಲು ಕಿಟಕಿಯ ಸರಳುಗಳನ್ನು ದಾಟಿ ನೆಲಕ್ಕಿಳಿಯುತ್ತಿರುವ ಈ ಶುಭಗಳಿಗೆಯಲ್ಲಿ, ವಯೋವೃದ್ಧನಾದ ನಾನು ಎರಡು ಕಾರ್ಯಗಳನ್ನು ಏಕಕಾಲಕ್ಕೆ ಆರಂಭಿಸುತ್ತಿದ್ದೇನೆ. ಒಂದು, ಅನ್ಯರ ಕಣ್ಣಿಗೆ ಬೀಳಬೇಕಿಲ್ಲದ ಈ ದಿನಚರಿ. ಮತ್ತೊಂದು, ಕಂಪ್ಯೂಟರಿನಲ್ಲಿ ಆಡುವ ಯುದ್ಧದ ಆಟವೊಂದರ ಮಾತುಗಳನ್ನು ಪರಭಾಷೆಯಿಂದ ನಮ್ಮ ಭಾಷೆಗೆ ತರುವ ಕೆಲಸ. ಪದಕೋಶದ ಕಚೇರಿಯಲ್ಲಿ ಆಯುಷ್ಯದ ಬಹುಭಾಗವನ್ನು ಪದಗಳ ಅರ್ಥ ನಿರ್ಣಯಿಸುತ್ತ ಕಳೆದವನಿಗೆ ನಿವೃತ್ತಿಯ ತರುವಾಯ ಇಂಥದೊಂದು ಉದ್ಯೋಗ ಒದಗೀತೆಂದು ಸ್ವಪ್ನದಲ್ಲಿಯೂ ಎಣಿಸಿರಲಿಲ್ಲ.

ನನ್ನ ಸಹಧರ್ಮಿಣಿಯು ಪಾರ್ಶ್ವವಾಯುವಿನ ಆಘಾತಕ್ಕೆ ತುತ್ತಾಗಿ, ಮೊನ್ನೆಯಷ್ಟೇ ಆಸ್ಪತ್ರೆಯಿಂದ ಮನೆಗೆ ಮರಳಿದ್ದಾಳೆ. ಬಲಗೈ ಬಲಗಾಲುಗಳು ನಿಶ್ಚೇಷ್ಟವಾಗಿವೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಊರವರ ಮಾತುಗಳನ್ನೆಲ್ಲ ಒಂದಕ್ಕೊಂದು ಜೋಡಿಸಿಕೊಟ್ಟ ಆಕೆಯ ನಾಲಗೆಯಲ್ಲಿ ಈಗ ಉಳಿದಿರುವುದು ಒಂದೇ ಪದ: "ಇರಲಿ." ನೀರು ಬೇಕೇ ಎಂದರೂ ಇರಲಿ, ನೋವಿದೆಯೇ ಎಂದರೂ ಇರಲಿ. ಇಂಥ ಆಘಾತದ ತರುವಾಯ ಕೆಲವರಲ್ಲಿ ಹೀಗೆ ಒಂದು ಮಾತು ಮಾತ್ರ ಉಳಿಯುವುದುಂಟೆಂದು ವೈದ್ಯರು ವಿವರಿಸಿದರು. ಸರ್ವೇಶ್ವರನ ಅನುಗ್ರಹದಿಂದ ಶೀಘ್ರದಲ್ಲಿಯೇ ಮಿಕ್ಕ ಮಾತುಗಳೂ ಮರಳಿ ಬರುವುವೆಂಬುದರಲ್ಲಿ ನನಗೆ ಲೇಶವೂ ಸಂದೇಹವಿಲ್ಲ.

ಲಿಫ್ಟ್ ರಿಪೇರಿ ಮಾಡುವ ಮಗನು ಕಂಪ್ಯೂಟರನ್ನು ತಾಯಿಯ ಮಂಚದ ಪಕ್ಕದಲ್ಲಿಯೇ ಅಣಿಗೊಳಿಸಿದ್ದಾನೆ. "ಅಪ್ಪ, ಅಮ್ಮನ್ನೂ ನೋಡ್ಕೊಂಡ ಹಾಗಾಗುತ್ತೆ, ಯುದ್ಧಾನೂ ಆಗುತ್ತೆ" ಎಂದ. ಆಟದ ಸಂಸ್ಥೆಯಲ್ಲಿ ನಮ್ಮ ಭಾಷೆಯ ಉಸ್ತುವಾರಿ ಹೊತ್ತ ತರುಣಿಯು ವಿಧಿಸಿದ ನಿಯಮ ಒಂದೇ: "ಸರ್, ದಯವಿಟ್ಟು ಆಡದೆ ಅನುವಾದ ಮಾಡ್ಬೇಡಿ. ಯಾರು ಎಲ್ಲಿ ನಿಂತು ಯಾಕೆ ಆ ಮಾತು ಹೇಳ್ತಿದಾರೆ ಅಂತ ಗೊತ್ತಾಗ್ಬೇಕಲ್ವಾ."

ಮಾರ್ಚ್ ಮಾಸದ ಷಷ್ಠ ದಿನ, ಗುರುವಾಸರ

ಆಟದ ಸ್ವರೂಪವನ್ನು ನೆನಪಿಗಾಗಿ ಬರೆದಿಡುತ್ತೇನೆ. ಸೋತು ಹಿಮ್ಮೆಟ್ಟುತ್ತಿರುವ ಸೈನ್ಯವೊಂದರ ಆರು ಮಂದಿಯ ತುಕಡಿ ನಮ್ಮದು. ಅವರಿಗೆ ಹೆಸರುಗಳಿಲ್ಲ, ಯುದ್ಧಕ್ಕೆ ಮುನ್ನ ಮಾಡುತ್ತಿದ್ದ ಕಸುಬುಗಳಿವೆ. ಅಂಚೆಯವನು, ದರ್ಜಿ, ದಾದಿ, ಅಡುಗೆಯವನು, ಗಡಿಯಾರದವನು, ಮೇಷ್ಟ್ರು. ನೆಲವೆಲ್ಲ ಚೌಕಗಳಾಗಿ ವಿಂಗಡಗೊಂಡಿದೆ. ನಮ್ಮ ಸರದಿಯಲ್ಲಿ ಒಬ್ಬೊಬ್ಬರನ್ನೇ ನಡೆಸಬೇಕು, ಗೋಡೆಯ ಮರೆಗೆ ನಿಲ್ಲಿಸಬೇಕು, ಗುಂಡು ಹಾರಿಸಬೇಕು. ಬಳಿಕ ಒಂದು ಗುಂಡಿಯನ್ನೊತ್ತಿದರೆ ಶತ್ರುಗಳ ಸರದಿ. ನಾವು ಒತ್ತುವವರೆಗೆ ಅವರು ಕದಲರು. ಮುದುಕರಿಗೆಂದೇ ಹೇಳಿ ಮಾಡಿಸಿದಂಥ ಯುದ್ಧ. ಆ ಗುಂಡಿಗೆ ‘ಸ್ವಪಕ್ಷೀಯ ಸರದಿಯ ಪರಿಸಮಾಪ್ತಿ’ ಎಂದು ನಾಮಕರಣ ಮಾಡಿದೆ. ಅಕ್ಷರಗಳು ಗುಂಡಿಯಿಂದ ಹೊರಚೆಲ್ಲುತ್ತವೆಂದು ತರುಣಿಯು ಹಿಂದಿರುಗಿಸಿದಳು.

ಪ್ರತಿಯೊಬ್ಬ ಯೋಧನಿಗೂ ಸಾಯುವಾಗ ಆಡುವ ಮಾತುಗಳಿವೆ. ಅಂಚೆಯವನಿಗೆ ನಾನು, "ಹಾ ತಾಯ್ನೆಲವೇ, ನಿನ್ನ ಋಣವನ್ನು ಈ ರುಧಿರದಿಂದ ತೀರಿಸಿ ಹೊರಟೆನು" ಎಂಬ ವಾಕ್ಯವನ್ನಿರಿಸಿದ್ದೆ. ತರುಣಿ ಫೋನು ಮಾಡಿದಳು.

"ಸರ್, ತುಂಬ ಗಂಭೀರವಾಗಿದೆ. ಆದ್ರೆ ಎದೆಗೆ ಗುಂಡು ಬಿದ್ದೋನು ಇಷ್ಟು ಮಾತಾಡಕ್ಕೆ ಉಸಿರು ಎಲ್ಲಿಂದ ತರ್ತಾನೆ? ಮೂಲದಲ್ಲಿ ‘ನನ್ನ ಚೀಲ’ ಅಂತ ಅಷ್ಟೇ ಇದೆ."

"ಮರಣಕಾಲಕ್ಕೆ ಅದು ಉಚಿತವಾದ ಮಾತಲ್ಲ, ತಾಯಿ."

"ಮರಣಕ್ಕೆ ಉಚಿತ ಅನುಚಿತ ಎಲ್ಲಿದೆ ಸರ್. ಅವನು ಅಂಚೆಯವನು, ಚೀಲ ನೆನಪಾಗುತ್ತೆ."

ವಾದಿಸದೆ ಬಿಟ್ಟೆ.

ಅಪರಾಹ್ನದ ಒಂದು ಸಂಗತಿ ಮಾತ್ರ ಮನಸ್ಸಿಗೆ ಹರ್ಷವನ್ನಿತ್ತಿತು. ಗುಂಡು ಗುರಿಮುಟ್ಟುವ ಸಾಧ್ಯತೆ ನೂರಕ್ಕೆ ತೊಂಬತ್ತೈದು ಎಂದು ತೋರಿಸಿದ ಆಟ, ಮೂರು ಮೊಳ ದೂರದ ಶತ್ರುವಿಗೆ ಮೇಷ್ಟ್ರು ಹೊಡೆದ ಗುಂಡನ್ನು ಆಕಾಶಕ್ಕೆ ಕಳಿಸಿತು. ಹಿಂದಿನಿಂದ ಗೊಗ್ಗರು ದನಿಯೊಂದು ಕೇಳಿಸಿತು. ತಿರುಗಿ ನೋಡಿದರೆ ಸಹಧರ್ಮಿಣಿಯು ಅರ್ಧ ಮುಖದಿಂದ ನಗುತ್ತಿದ್ದಳು. "ನೀರು ಕೇಳೋದಕ್ಕೂ ನೀವು ಪೀಠಿಕೆ ಹಾಕ್ತೀರಿ ಕಣ್ರೀ" ಎಂದು ಹಿಂದೆ ನನ್ನನ್ನು ಹಂಗಿಸುವಾಗ ನಗುತ್ತಿದ್ದ ಅದೇ ನಗು, ಅರ್ಧದಷ್ಟು.

ಮಾರ್ಚ್ ಹನ್ನೊಂದು, ಮಂಗಳವಾರ

ಈಗ ನಾವಿಬ್ಬರೂ ಆಡುತ್ತಿದ್ದೇವೆ. ಆಕೆಯು ಎಡಗೈಯ ತೋರುಬೆರಳಿನಿಂದ ಪರದೆಯ ಮೇಲೆ ಒಂದು ಚೌಕವನ್ನು ಮುಟ್ಟುತ್ತಾಳೆ. ನಾನು ಯೋಧನನ್ನು ಅಲ್ಲಿಗೆ ನಡೆಸುತ್ತೇನೆ. ಗೋಡೆಗಳನ್ನು ಕಂಡುಹಿಡಿಯುವುದರಲ್ಲಿ ಆಕೆಯ ಚಾತುರ್ಯ ನನಗಿಲ್ಲ. ದಾದಿಯನ್ನು ಸದಾ ಹಿಂದೆ ಇರಿಸುತ್ತಾಳೆ, ಮೇಷ್ಟ್ರನ್ನು ಸದಾ ಮುಂದಕ್ಕೆ ತಳ್ಳುತ್ತಾಳೆ. ಇದರಲ್ಲಿ ನನ್ನ ಕುರಿತು ಏನೋ ಸೂಚನೆಯಿರಬಹುದು.

ಹಗಲಿನ ಪಾಳಿಯಲ್ಲಿ ಶುಶ್ರೂಷೆಗೆಂದು ಬರುವ ಸಿಸ್ಟರ್ ವಾಚಾಳಿ. "ಅಜ್ಜಿ, ಹಾಲು ಕೊಡಲಾ, ಗಂಜಿ ಕೊಡಲಾ?"

"ಇರಲಿ."

"ಎರಡೂ ಇರಲಿ. ನಾಳೆ ನಂಗೆ ರಜೆ ಇರಲಿ ಅಂತೀರಾ?"

"ಇರಲಿ."

"ಕೇಳಿದ್ರಾ ತಾತ, ಸಾಕ್ಷಿ ನೀವೇ."

ಮೂವರೂ ನಕ್ಕೆವು.

ಸೇತುವೆಯ ಅಧ್ಯಾಯವನ್ನು ತಲುಪಿದ್ದೇವೆ. ಊರು ಬಿಟ್ಟು ಹೋಗುವ ಜನರ ಬಂಡಿಗಳು ಸೇತುವೆಯನ್ನು ದಾಟುವವರೆಗೆ ಆರು ಮಂದಿಯೂ ಅದನ್ನು ಕಾಯಬೇಕೆಂದು ಆಜ್ಞೆ. ಇದು ಬಹಳ ಕಠಿಣ. ಮೊದಲ ಹಲವು ಸರದಿಗಳಲ್ಲಿ ಚೆನ್ನಾಗಿ ಆಡಿದವಳು, ಆಮೇಲೆ ಎಲ್ಲರನ್ನೂ ಹಿಂದಿನ ಹಸಿರು ಚೌಕಗಳಿಗೆ ಕರೆತರುವಂತೆ ಬೆರಳು ತೋರಿಸತೊಡಗಿದಳು. ಹಸಿರು ಚೌಕಗಳು ರಣರಂಗದಿಂದ ಹೊರಹೋಗುವ ದಾರಿ. ಸೇತುವೆಯನ್ನು ಬಿಟ್ಟು ಹೋಗುವುದು ಆಜ್ಞೆಗೆ ವಿರುದ್ಧವೆಂದು ತಿಳಿಯಹೇಳಿ, ಆಕೆಯ ಕೈಯನ್ನು ಮೃದುವಾಗಿ ಮಂಚದ ಮೇಲಿರಿಸಿದೆ. ಆರು ಮಂದಿಯೂ ಮಡಿದರು. ದಣಿದಾಗ ಬುದ್ಧಿ ಮಸುಕಾಗುವುದು ಸಹಜ.

ಮಾರ್ಚ್ ಹದಿನೇಳು, ಸೋಮವಾರ

ಆಕೆಗೆ ನುಂಗುವುದು ಕಷ್ಟವಾಗಿದೆ. ಗಂಜಿಯು ಶ್ವಾಸನಾಳಕ್ಕಿಳಿದು ಎರಡು ಬಾರಿ ಉಸಿರುಗಟ್ಟಿತು. ತೂಕವೂ ಇಳಿಯುತ್ತಿದೆ. ಹೊಟ್ಟೆಗೇ ರಂಧ್ರ ಮಾಡಿ ಕೊಳವೆಯ ಮೂಲಕ ಆಹಾರ ಕೊಡಬಹುದೆಂದು ವೈದ್ಯರು ಸೂಚಿಸಿದರು. "ರೋಗಿಗೆ ತಿಳುವಳಿಕೆ ಇದ್ರೆ ಅವರನ್ನೇ ಕೇಳಿ ನಿರ್ಧಾರ ಮಾಡಿ. ಒಮ್ಮೆ ಹಾಕಿದ್ಮೇಲೆ ಬಹಳ ಕಾಲ ಹಾಗೇ ಇರ್ಬೇಕಾಗುತ್ತೆ" ಎಂದರು.

ಮಗನು ಕೇಳಿದ: "ಅಮ್ಮ, ಹೊಟ್ಟೆಗೆ ಪೈಪು ಹಾಕ್ಸೋಣ್ವಾ?"

"ಇರಲಿ."

ನಾನು ಕೇಳಿದೆ: "ಪೈಪು ಬೇಡವೇನು?"

"ಇರಲಿ."

ಮಗನು ನನ್ನನ್ನು ಹೊರಗೆ ಕರೆದ. "ಅಪ್ಪ, ಅಮ್ಮ ಬೇಡ ಅಂತಿದಾಳೆ ಅನ್ಸುತ್ತೆ. ಯಾರಾದ್ರೂ ಇನ್ನೊಂಚೂರು ಬಡಿಸ್ಲಾ ಅಂದ್ರೆ ನಾವು ಇರಲಿ ಅನ್ನಲ್ವಾ, ಹಾಗೆ. ಸಾಕು ಅನ್ನೋ ಇರಲಿ."

ನಾನು ಅವನಿಗೆ ವಿವರಿಸಿದೆ. ‘ಇರಲಿ’ ಎಂಬುದು ‘ಇರು’ ಧಾತುವಿನ ವಿಧ್ಯರ್ಥರೂಪ. ಆಜ್ಞೆ, ಸಮ್ಮತಿ, ಹಾರೈಕೆ, ಆಶೀರ್ವಾದ ಇವೆಲ್ಲವೂ ಆ ಪ್ರತ್ಯಯದ ವ್ಯಾಪ್ತಿಗೆ ಸೇರುತ್ತವೆ. ಬಳಕೆಯಲ್ಲಿ ಅದು ನಿರಾಕರಣೆಗೂ ಸಲ್ಲುವುದುಂಟು. ಆದರೆ ಅದು ಉಪಚಾರದಿಂದ ಬಂದ ಗೌಣಾರ್ಥ. ಮುಖ್ಯಾರ್ಥವು ಹೊಂದುವಲ್ಲಿ ಗೌಣಾರ್ಥವನ್ನು ಹಿಡಿಯಲಾಗದೆಂಬುದು ಶಾಸ್ತ್ರಸಮ್ಮತವಾದ ನಿಯಮ. ಹಾಕಿಸೋಣವೇ ಎಂದಾಗ ‘ಇರಲಿ’ ಎಂದರೆ ಕೊಳವೆಯು ಇರಲಿ ಎಂದೇ ಅರ್ಥ. ಬೇಡವೇ ಎಂದಾಗಲೂ ಆಕೆ ಅದನ್ನೇ ದೃಢಪಡಿಸಿದ್ದಾಳೆ.

ಅವನು ಬಹಳ ಹೊತ್ತು ಕೈಯೊರೆಸುವ ಬಟ್ಟೆಯನ್ನು ಹಿಂಡುತ್ತ ನಿಂತಿದ್ದ. "ಪದದ ವಿಷಯ ನಿಮಗೇ ಗೊತ್ತಿರುತ್ತಪ್ಪ" ಎಂದು ಆಸ್ಪತ್ರೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ.

ಮಾರ್ಚ್ ಹತ್ತೊಂಬತ್ತು, ಬುಧವಾರ

ಶಸ್ತ್ರಕ್ರಿಯೆಯು ನಿರ್ವಿಘ್ನವಾಗಿ ನೆರವೇರಿತು. ದೀನದಯಾಳುವಾದ ಭಗವಂತನ ಕೃಪೆ ಅಪಾರ. ಇನ್ನು ತೂಕವೇರುವುದು, ಬಲ ಬರುವುದು, ಮಾತು ಬರುವುದು.

ಮಾರ್ಚ್ ಇಪ್ಪತ್ತನಾಲ್ಕು

ಮನೆಗೆ ಬಂದ ಮಾರನೆಯ ದಿನವೇ ಆಕೆಯು ಎಡಗೈಯಿಂದ ಕೊಳವೆಯನ್ನು ಕಿತ್ತುಕೊಂಡಳು. ಹಾಸಿಗೆಯೆಲ್ಲ ರಕ್ತ. ಮತ್ತೆ ಆಸ್ಪತ್ರೆ, ಮತ್ತೆ ಕೊಳವೆ. ಮರೆವಿನಿಂದಲೋ ತುರಿಕೆಯಿಂದಲೋ ರೋಗಿಗಳು ಹೀಗೆ ಮಾಡುವುದುಂಟಂತೆ. ಅಂಗೈಗೆ ಹತ್ತಿಯ ಗವಸು ತೊಡಿಸಿ, ಮಣಿಕಟ್ಟನ್ನು ಮಂಚದ ಕಂಬಿಗೆ ಬಟ್ಟೆಯಿಂದ ಕಟ್ಟಿದ್ದಾರೆ. ಬಟ್ಟೆ ಮೃದುವಾಗಿದೆ. ನಾನೇ ಮುಟ್ಟಿ ನೋಡಿದೆ.

ಸಿಸ್ಟರ್ ಇಂದು ಹಾಸ್ಯ ಮಾಡಲಿಲ್ಲ. "ತಾತ, ಆ ಕೈಯೊಂದೇ ಇದ್ದಿದ್ದು ಅವರಿಗೆ" ಎಂದಳು. ಇದು ತಾತ್ಕಾಲಿಕ ವ್ಯವಸ್ಥೆಯೆಂದು ಉತ್ತರಿಸಿದೆ.

ಮಾರ್ಚ್ ಇಪ್ಪತ್ತೊಂಬತ್ತು

ಒಬ್ಬನೇ ಆಡುತ್ತಿದ್ದೇನೆ. ಆಕೆ ಒಂದಷ್ಟು ಹೊತ್ತು ಪರದೆಯನ್ನು ನೋಡುತ್ತಾಳೆ, ಆಮೇಲೆ ಗೋಡೆಯ ಕಡೆ ಮುಖ ಮಾಡುತ್ತಾಳೆ. ತೂಕ ಏರಿದೆ. ಕೆನ್ನೆ ತುಂಬಿಕೊಂಡಿದೆ. ಈ ವಾರದಲ್ಲಿ ‘ಇರಲಿ’ ಎಂಬುದೂ ಕೇಳಿಬಂದಿಲ್ಲ.

ಸಾಯುವವರ ಮಾತುಗಳನ್ನು ಮತ್ತೆ ತಿದ್ದಿದೆ. ಅಡುಗೆಯವನಿಗೆ "ಒಲೆ ಆರಿಸಿ." ಗಡಿಯಾರದವನಿಗೆ "ಎಷ್ಟು ಹೊತ್ತಾಯ್ತು?" ದಾದಿಗೆ "ನೀನು ಮೊದಲು." ಅಂಚೆಯವನಿಗೆ "ನನ್ನ ಚೀಲ" ಎಂದೇ ಇಟ್ಟೆ.

ತರುಣಿ ಓದಿ ಫೋನು ಮಾಡಿದಳು. "ಇವು ಚೆನ್ನಾಗಿವೆ ಸರ್. ಏನು ಮಾಡಿದ್ರಿ?"

ಏನೂ ಮಾಡಲಿಲ್ಲವೆಂದೆ. ನಿಜವಾಗಿಯೂ ಏನೂ ಮಾಡಿರಲಿಲ್ಲ.

ಏಪ್ರಿಲ್ ೩

ಮತ್ತೆ ಫೋನು.

"ಸರ್, ಹೇಗೆ ಹೇಳೋದೋ ಗೊತ್ತಾಗ್ತಿಲ್ಲ. ಮೇಲಿನೋರು ನಾಲ್ಕು ಭಾಷೆ ನಿಲ್ಲಿಸಿದಾರೆ. ನಮ್ಮದೂ ಅದರಲ್ಲಿ ಸೇರ್ಕೊಂಡಿದೆ."

"ಅಂದರೆ ಈ ಮಾತುಗಳು?"

"ಎಲ್ಲೂ ಹೋಗಲ್ಲ ಸರ್. ಯಾರಿಗೂ ಕೇಳ್ಸಲ್ಲ. ನನ್ನ ಕೆಲಸಾನೂ ತಿಂಗಳ ಕೊನೆವರೆಗೆ ಅಷ್ಟೇ."

ಆಟವನ್ನು ಹಿಂದಿರುಗಿಸಬೇಕೇ ಎಂದು ಕೇಳಿದೆ.

"ಇಟ್ಕೊಳ್ಳಿ ಸರ್. ಅದನ್ನ ಯಾರು ಕೇಳ್ತಾರೆ." ಫೋನಿಡುವ ಮೊದಲು, "ಅಮ್ಮ ಹೇಗಿದಾರೆ?" ಎಂದಳು. ಸುಧಾರಿಸುತ್ತಿದ್ದಾಳೆ ಎಂದೆ.

ಏಪ್ರಿಲ್ ೫

ಸೇತುವೆ ಮತ್ತೆ ಸೋತೆ. ಅವಳು ಗೋಡೆಯ ಕಡೆ ಮುಖ ಮಾಡಿದ್ದಳು.

ಏಪ್ರಿಲ್ ೮

ಇದನ್ನು ಕ್ರಮವಾಗಿ ಬರೆಯಬೇಕು.

ಬೆಳಗ್ಗೆ ಸೇತುವೆಯನ್ನು ಮತ್ತೆ ಆಡಿದೆ. ಅಂಚೆಯವನೂ ದರ್ಜಿಯೂ ಬಿದ್ದಿದ್ದರು. ಮೇಷ್ಟ್ರು ಕಂಬದ ಮರೆಗಿದ್ದರು. ಮುಂದೇನು ಮಾಡುವುದೆಂದು ತೋಚದೆ ಪರದೆಯನ್ನೇ ನೋಡುತ್ತ ಕುಳಿತಾಗ, ಮೂಲೆಯ ಒಂದು ಸಾಲು ಕಣ್ಣಿಗೆ ಬಿತ್ತು. ನಾನೇ ಅನುವಾದಿಸಿದ ಸಾಲು. "ದಾಟಲು ಉಳಿದವರು: ಯಾರೂ ಇಲ್ಲ."

ಸೇತುವೆಯನ್ನು ನೋಡಿದೆ. ಬರಿದಾಗಿತ್ತು. ಬಂಡಿಗಳೆಲ್ಲ ಎಷ್ಟೋ ಸರದಿಗಳ ಹಿಂದೆಯೇ ದಾಟಿ ಹೋಗಿದ್ದವು. ದಾಟಿದ ಮೇಲೆ ಆಟ ಗಂಟೆ ಬಾರಿಸುವುದಿಲ್ಲ, ಹೇಳುವುದೂ ಇಲ್ಲ. ಕಾಯುವವರು ತಾವೇ ನೋಡಿಕೊಳ್ಳಬೇಕು. ನಾನು ಒಮ್ಮೆಯೂ ನೋಡಿರಲಿಲ್ಲ.

ಮೊದಲಿನಿಂದ ಆಡಿದೆ. ಕೊನೆಯ ಬಂಡಿ ಆಚೆ ದಡ ಮುಟ್ಟಿದೊಡನೆ ಆರು ಮಂದಿಯನ್ನೂ ಹಸಿರು ಚೌಕಗಳಿಗೆ ನಡೆಸಿದೆ. "ಕಾರ್ಯ ಮುಗಿಯಿತು" ಎಂದು ಬಂತು. ಆರೂ ಮಂದಿ ಜೀವಂತ.

ಅವಳು ಆ ದಿನವೇ ಇದನ್ನು ಬೆರಳಿಟ್ಟು ತೋರಿಸಿದ್ದಳು. ಬುದ್ಧಿ ಮಸುಕಾಗಿದೆ ಎಂದು ನಾನು ಇಲ್ಲಿ ಬರೆದಿದ್ದೇನೆ.

ಕೈ ಬಿಚ್ಚಿದೆ. ಗವಸು ತೆಗೆದೆ. ಬೆರಳುಗಳು ನೆನೆದ ಕಾಗದದಂತೆ ಬೆಳ್ಳಗಾಗಿದ್ದವು. ಕಂಪ್ಯೂಟರನ್ನು ಹತ್ತಿರಕ್ಕೆಳೆದು, ಸೇತುವೆಯೂ ಹಸಿರು ಚೌಕವೂ ಕಾಣುವಂತೆ ತಿರುಗಿಸಿ ಕೇಳಿದೆ: "ಪೈಪು ಇರಬೇಕಾದರೆ ಸೇತುವೆ ಮುಟ್ಟು. ತೆಗೆಸಬೇಕಾದರೆ ಹಸಿರು ಮುಟ್ಟು."

ಹಸಿರು ಮುಟ್ಟಿದಳು.

ಆಕಸ್ಮಿಕವಿರಬಹುದೆಂದು ತಿರುಗಿಸಿ ಕೇಳಿದೆ. ಇರಬೇಕಾದರೆ ಹಸಿರು, ತೆಗೆಸಬೇಕಾದರೆ ಸೇತುವೆ. ಸೇತುವೆ ಮುಟ್ಟಿದಳು. ಮತ್ತೊಮ್ಮೆ ಕೇಳಲು ಬಾಯಿ ತೆರೆದೆ. ಲೈನು ಕೊಟ್ಟ ಮೇಲೂ ನಂಬರು ಕೇಳುವವರನ್ನು ಎಕ್ಸ್‌ಚೇಂಜಿನಲ್ಲಿ ನೋಡುತ್ತಿದ್ದಳಲ್ಲ, ಹಾಗೆ ನೋಡಿದಳು. ನಾನು ಬಾಯಿ ಮುಚ್ಚಿದೆ.

"ತೆಗೆಸಿದರೆ ಬಹಳ ದಿನ ಉಳಿಯುವುದಿಲ್ಲ. ಗೊತ್ತೇನು?"

ಎಡಗೈಯನ್ನು ನನ್ನ ಮೊಣಕಾಲಿನ ಮೇಲಿಟ್ಟಳು. "ಇರಲಿ" ಎಂದಳು.

ಈ ಇರಲಿಗೆ ಅರ್ಥ ಬರೆಯಬೇಕಾಗಿಲ್ಲ.

ಏಪ್ರಿಲ್ ೯

ಮಗನಿಗೆ ಹೇಳಿದೆ. ಕೆಲಸದಿಂದ ಬಂದವನು ಕೈಯ ಗ್ರೀಸು ತೊಳೆಯದೆ ಕುಳಿತುಬಿಟ್ಟ.

"ನಾನು ಅವತ್ತೇ ಹೇಳಿದ್ನಲ್ಲಪ್ಪ."

"ಹೇಳಿದ್ದೆ."

"ಮತ್ತೆ ಯಾಕೆ..." ಎಂದು ನಿಲ್ಲಿಸಿದ. ತಾಯಿಯ ಬಳಿಗೆ ಹೋಗಿ ತಾನೂ ಕೇಳಿದ, ಅದೇ ರೀತಿ, ಎರಡು ಬಾರಿ. ಹೊರಗೆ ಬಂದಾಗ ಅವನ ಮುಖ ಚಿಕ್ಕದಾಗಿತ್ತು. "ನಾವು ಅಮ್ಮನ್ನ ಸಾಯಿಸ್ತಾ ಇದೀವಾ?"

"ನನಗೆ ಗೊತ್ತಿಲ್ಲ" ಎಂದೆ. ಅವನು ಹುಟ್ಟಿದಂದಿನಿಂದ ಈ ಮಾತನ್ನು ಅವನ ಮುಂದೆ ಆಡಿದ ನೆನಪಿಲ್ಲ.

ಏಪ್ರಿಲ್ ೧೧

ವೈದ್ಯರು ತಾವೂ ಕೇಳಿ ನೋಡಿದರು. ಪರದೆಯನ್ನು ನಂಬದೆ ತಮ್ಮ ಎರಡು ಪೆನ್ನುಗಳನ್ನು ಹಿಡಿದು ಕೇಳಿದರು. ಅದೇ ಉತ್ತರ. ಕೊಳವೆ ತೆಗೆದರು. "ಬಾಯಲ್ಲಿ ಎಷ್ಟು ಹೋಗುತ್ತೋ ಅಷ್ಟು ಕೊಡಿ. ನೋವಾಗದ ಹಾಗೆ ನಾನು ನೋಡ್ಕೋತೀನಿ. ಪವಾಡ ಏನೂ ಆಗಲ್ಲ, ಕಾಯ್ಬೇಡಿ."

ಕಾಯುತ್ತಿಲ್ಲ ಎಂದೆ.

ಏಪ್ರಿಲ್ ೧೩

ಕೊನೆಯ ಅಧ್ಯಾಯ. ಒಂದು ಹಾಳು ಶಾಲೆ, ಸುತ್ತಲೂ ಶತ್ರುಸೈನ್ಯ. ಹಸಿರು ಚೌಕಗಳಿಲ್ಲ. ಇದನ್ನು ಗೆಲ್ಲಲಾಗದೆಂದು ತರುಣಿ ಫೋನಿನಲ್ಲಿ ಹೇಳಿದ್ದಳು. "ಯಾವ ಆಟಗಾರನೂ ಗೆದ್ದಿಲ್ಲ ಸರ್. ಹಾಗೇ ಮಾಡಿರೋದು."

ಮಂಚದಲ್ಲಿದ್ದವಳು ಎಡಗೈಯಿಂದ ತೋರಿಸಿ ಆರು ಮಂದಿಯನ್ನೂ ಒಂದೇ ಕೋಣೆಗೆ ಕರೆಸಿಕೊಂಡಳು. ಯುದ್ಧನೀತಿಯ ಪ್ರಕಾರ ಇದು ತಪ್ಪು. ಒಂದು ಸಿಡಿಗುಂಡಿಗೆ ಎಲ್ಲರೂ ಸಿಗುತ್ತಾರೆ. ಆದರೂ ತೋರಿಸಿದ ಚೌಕಗಳಿಗೆ ನಡೆಸಿದೆ. ದಾದಿ ಈ ಸಲ ಹಿಂದೆ ಇರಲಿಲ್ಲ, ಮೇಷ್ಟ್ರ ಪಕ್ಕದಲ್ಲಿದ್ದಳು.

ಒಬ್ಬೊಬ್ಬರು ಬಿದ್ದ ಹಾಗೆ ಅವರ ಮಾತನ್ನು ನಾನು ಗಟ್ಟಿಯಾಗಿ ಓದಿದೆ. ಇನ್ಯಾರೂ ಓದುವವರಿಲ್ಲ. ಅವಳು ಪ್ರತಿಯೊಂದಕ್ಕೂ ತಲೆಯಾಡಿಸಿದಳು. ಮೇಷ್ಟ್ರ ಮಾತು ಬಂದಾಗ ನನ್ನನ್ನು ನೋಡಿದಳು. ಮೊದಲು ಎರಡು ಸಾಲಿತ್ತು. ಈಗ "ಕೇಳಿಸ್ತು" ಎಂದಷ್ಟೇ ಇದೆ.

ಏಪ್ರಿಲ್ ೧೬

ಇಂದು ಎರಡು ಚಮಚ ನೀರು. ನಿದ್ದೆ ಹೆಚ್ಚು.

ಸಿಸ್ಟರ್ ಹಣೆಗೆ ಒದ್ದೆ ಬಟ್ಟೆ ಹಾಕುತ್ತ, "ಅಜ್ಜಿ, ನಾಳೆ ನಾನು ರಜೆ ಹಾಕಲ್ಲ, ಬರ್ತೀನಿ" ಎಂದಳು. ಉತ್ತರ ಬರಲಿಲ್ಲ.

ಏಪ್ರಿಲ್ ೧೭

ಎಡಗೈ ಹಿಡಿದು ಕುಳಿತಿದ್ದೆ. ಮಗ ಆ ಕಡೆ. ಆಟ ಆಡಲಿಲ್ಲ.

ಏಪ್ರಿಲ್ ೧೯, ಶನಿವಾರ

ನಿನ್ನೆ ಮಧ್ಯಾಹ್ನ ಹೋದಳು. ಮಗ ಅವಳ ಕಾಲಿನ ಹೊದಿಕೆ ಸರಿ ಮಾಡುತ್ತಿದ್ದ. ಸಿಸ್ಟರ್ ನೀರು ತರಲು ಒಳಗೆ ಹೋಗಿದ್ದಳು. ನಾನು ಎದುರಿಗೇ ಇದ್ದೆ. ಕೊನೆಯಲ್ಲಿ ಏನಾದರೂ ಹೇಳುತ್ತಾಳೆಂದು ಕಿವಿಗೊಟ್ಟಿದ್ದೆ. ಏನೂ ಹೇಳಲಿಲ್ಲ. ಉಸಿರು ನಿಧಾನವಾಯಿತು, ನಿಂತಿತು. ನಾನು ಬರೆದ ಆರು ಮಾತುಗಳೂ ಸುಳ್ಳು.

ಮಂಚ ಖಾಲಿಯಾಗಿದೆ. ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಾರೆ.

ಹಾರೈಕೆಯ ವಾಕ್ಯಗಳನ್ನು ಕಟ್ಟಲು ಬೆಳಗ್ಗೆಯಿಂದ ಕುಳಿತಿದ್ದೇನೆ. ದೊಡ್ಡ ಪದಗಳು ಬರುತ್ತಿಲ್ಲ. ಬಂದಷ್ಟು ಬರೆಯುತ್ತೇನೆ. ನನ್ನ ಮಗನಿಗೆ ರಾತ್ರಿ ನಿದ್ದೆ ಬರಲಿ. ನನ್ನ ಮಾತನ್ನು ಅವನು ಇನ್ನೊಮ್ಮೆ ಸುಮ್ಮನೆ ಒಪ್ಪದಿರಲಿ. ಸಿಸ್ಟರಿಗೆ ನಗುವ ಮನೆ ಸಿಗಲಿ. ಆ ತರುಣಿಗೆ ಬೇರೆ ಕೆಲಸ ಸಿಗಲಿ. ವೈದ್ಯರ ಕೈ ಹಗುರವಾಗಿರಲಿ. ಶಾಲೆಯ ಕೋಣೆಯಲ್ಲಿ ಬಿದ್ದ ಆರು ಮಂದಿಗೂ, ಅವರನ್ನು ಹೊಡೆದ ಆಚೆಯವರಿಗೂ, ಅವರೂ ಯಾವುದೋ ಕಸುಬಿನವರೇ ತಾನೆ, ಶಾಂತಿ ಸಿಗಲಿ.

ಅವಳಿಗೆ ಏನು ಹೇಳಬೇಕೋ ತಿಳಿಯದು. ಒಳ್ಳೆಯದಾಗಲಿ.